ತುಕ್ಕು ಡ್ರಮ್ಮಿನ ಕೈಗುಣ

ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವನು ಪಾಕದಣ್ಣ. ಇಪ್ಪತ್ತೆರಡು ವರ್ಷ ಒಂದೇ ಕೋಣೆ, ಒಂದೇ ಕೆಲಸ. ಗ್ಲೈಕಾಲ್ ಎಂಬ ಅಂಟಂಟು ದ್ರವವನ್ನು ಗಾಜಿನ ಬುರುಡೆಯಲ್ಲಿ ಹದವಾಗಿ ಕಾಯಿಸಿ, ಬೆಳ್ಳಿಯ ಉಪ್ಪು ಕರಗಿಸಿದ ನೀರನ್ನು ಹನಿಹನಿಯಾಗಿ ಬಿಡುವುದು. ಆ ಬಿಸಿಯಲ್ಲಿ ಗ್ಲೈಕಾಲೇ ಉಪ್ಪಿನೊಳಗಿನ ಬೆಳ್ಳಿಯನ್ನು ಬಿಡಿಸಿ ಕಣ ಮಾಡುತ್ತದೆ. ಕೂದಲೆಳೆಯನ್ನು ಸಾವಿರ ಸೀಳು ಮಾಡಿದಷ್ಟು ಸಣ್ಣ ಕಣ. ತಾನು ಸವೆಯದೆ ಬೇರೆ ರಸಾಯನಗಳ ಕೆಲಸವನ್ನು ಚುರುಕು ಮಾಡುವ ಗುಣ ಅದಕ್ಕೆ.

ಹಳದಿ ಕೆಂಪಿಗೆ ಹೊರಳಿ, ಕೆಂಪು ಮಣ್ಣಿನ ಬಣ್ಣಕ್ಕೆ ಇಳಿಯುವ ಗಳಿಗೆ ಅವನಿಗೆ ಮೊದಲೇ ತಿಳಿಯುತ್ತಿತ್ತು. ಇದೇ ಲೆಕ್ಕ ಬರೆದುಕೊಂಡು ಹೋಗಿ ಇನ್ನೊಂದು ಶಾಖೆಯವರು ಮಾಡಿದರೆ ತಳದಲ್ಲಿ ಬರೀ ಕರಿ ಗಸಿ. "ಅದಕ್ಕೆ ಪಾಕದಣ್ಣನ ಕೈಗುಣ ಬೇಕಪ್ಪಾ" ಎಂದು ಎಲ್ಲರೂ ಅಂದರು. ಕೇಳೀ ಕೇಳೀ ಅವನೂ ನಂಬಿದ.

ಗ್ಲೈಕಾಲ್ ತುಂಬಿಡುತ್ತಿದ್ದ ಕಬ್ಬಿಣದ ಡ್ರಮ್ಮೊಂದೇ ಅವನ ಕಣ್ಣಿಗೆ ಕಸ. ಬಾಯಿ, ತಳ ಎಲ್ಲ ತುಕ್ಕು. ಅವನೋ ಚೊಕ್ಕಟದ ಮನುಷ್ಯ. ಮೂರು ವರ್ಷ ಅರ್ಜಿ ಕೊಟ್ಟು, ಬೆನ್ನು ಬಿದ್ದು, ಬೆಳ್ಳಗಿನ ಪ್ಲಾಸ್ಟಿಕ್ ಡ್ರಮ್ಮು ತರಿಸಿಕೊಂಡ.

ಅಂದಿನಿಂದ ಪಾಕ ಕೆಟ್ಟಿತು. ಒಂದಲ್ಲ, ಎರಡಲ್ಲ, ಒಂಬತ್ತು ಸಲ ಬುರುಡೆಯ ತಳದಲ್ಲಿ ಅದೇ ಕರಿ ಗಸಿ. ತಿಂಗಳೊಳಗೆ ಸರಿಹೋಗದಿದ್ದರೆ ಒಲೆಯಿಂದ ಎಬ್ಬಿಸುತ್ತೇವೆಂದು ಮೇಲಿನವರು ಹೇಳಿ ಕಳಿಸಿದರು.

"ರೀ, ಕೈ ನೋಡ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ?" ತಟ್ಟೆಯ ಮುಂದೆ ಕೂತವನನ್ನು ಹೆಂಡತಿ ಕೇಳಿದಳು.

"ಕೈ ಕೆಟ್ಟೋಯ್ತು ಕಣೇ."

"ಕೈಯೇನು ಹಾಲಾ, ಕೆಡೋಕೆ?"

ಅವನು ನಗಲಿಲ್ಲ.

ಹೊಸದಾಗಿ ಬಂದಿದ್ದ ಕೆಮಿಸ್ಟ್ ಮೇಡಂ ಅವನಿಗೆ ಮಗಳಾಗುವಷ್ಟು ವಯಸ್ಸಿನವಳು. ಗುಜರಿ ಕೋಣೆಗೆ ಹೋಗಿ ಹಳೇ ಡ್ರಮ್ಮಿನ ತುಕ್ಕು ಕೆರೆದು ತಂದಳು. ಪರೀಕ್ಷೆ ಮಾಡಿ, ಕಬ್ಬಿಣದ ಉಪ್ಪು ಕರಗಿಸಿದ ನೀರನ್ನು ಒಂದೇ ಒಂದು ಹನಿ ಬುರುಡೆಗೆ ಬಿಟ್ಟಳು. ಹಳದಿ, ಕೆಂಪು, ಮಣ್ಣಿನ ಬಣ್ಣ.

"ಬಂತು ಅಣ್ಣಾ! ಇಷ್ಟು ದಿನ ಪಾಕ ಕಾಯ್ತಿದ್ದದ್ದು ಆ ತುಕ್ಕು. ಚೂರು ಕಬ್ಬಿಣ ಇದ್ರೇನೇ ಕಣ ನೆಟ್ಟಗೆ ಬರೋದು."

"ಹಂಗಾದ್ರೆ ನನ್ನ ಕೈ?"

ಮೇಡಂ ಬುರುಡೆಯಿಂದ ಕಣ್ಣು ತೆಗೆದಳು. "ನಿಮ್ಮ ಕೈಲೂ ಗುಣ ಇದೆ ಬಿಡಿ" ಎಂದಳು, ಬಿದ್ದ ಮಗುವಿನ ಮಂಡಿಗೆ ಊದುವವಳ ಹಾಗೆ. ಆಮೇಲೆ ಆ ಹನಿಯ ಲೆಕ್ಕ ಪುಸ್ತಕದಲ್ಲಿ ಬರೆದಳು. ಮೂರನೇ ದಿನ ಇನ್ನೊಂದು ಶಾಖೆಯಿಂದ ಫೋನು: ನಮಗೂ ಬಂತು, ಮೊದಲ ಸಲಕ್ಕೇ ಬಂತು.

ಕೆಲಸವೇನೂ ಹೋಗಲಿಲ್ಲ. ಬುರುಡೆ ತೊಳೆಯುವ ತೊಟ್ಟಿಯ ಹತ್ತಿರ ಅವನನ್ನು ಹಾಕಿದರು. ಒಲೆಯ ಮುಂದೆ ಯಾರು ನಿಂತರೂ ನಡೆಯುತ್ತಿತ್ತು. ಪಾಕದಣ್ಣ ಎಂದು ಮಾತ್ರ ಈಗಲೂ ಕರೆಯುತ್ತಿದ್ದರು. ಅದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ಬೆಳಿಗ್ಗೆ ಹೆಂಡತಿ ಹಾಲು ಒಲೆಗಿಟ್ಟು, "ಸ್ವಲ್ಪ ನೋಡ್ಕೊಳ್ರೀ" ಎಂದು ಬಟ್ಟೆ ಒಣಹಾಕಲು ಹೋದಳು. ಬಂದು ನೋಡಿದರೆ ಹಾಲು ಉಕ್ಕಿ ಒಲೆಯೆಲ್ಲ ಹರಿದಿದೆ, ಅವನು ಪಕ್ಕದಲ್ಲೇ ನಿಂತಿದ್ದಾನೆ.

"ಇಲ್ಲೇ ಇದ್ರಲ್ಲ, ಕೆಳಗಿಳಿಸೋಕೇನಾಗಿತ್ತು?"

"ಉಕ್ಕೋದು ಮೊದಲೇ ಗೊತ್ತಾಯ್ತು" ಎಂದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದ.