ಐಸ್‌ಕ್ರೀಮ್ ಗೋದಾಮಿನಲ್ಲಿ ಕಣ್ಣಿನ ಪರೀಕ್ಷೆ

2022ರ ನವೆಂಬರ್. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಆಪ್ಟೋಮೆಟ್ರಿಸ್ಟ್ ಆಗಿ ನನಗದು ಇಪ್ಪತ್ತೇಳನೇ ವರ್ಷ. ದೃಷ್ಟಿ ಅಳೆದು ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್ ಕೊಡುವುದು ನಮ್ಮ ಕೆಲಸ, ಆಪರೇಶನ್ ನಮ್ಮದಲ್ಲ. ‘ಬೇಡ’ ಎನ್ನುವುದರಲ್ಲಿ ಆಗ ನನಗೆ ಒಳ್ಳೆಯ ಹೆಸರಿತ್ತು. ಸ್ವಲ್ಪ ಅನುಮಾನ ಬಂದರೂ ಬೇಡ ಅಂದುಬಿಡುತ್ತಿದ್ದೆ. ಬೇಡ ಅಂದವರ ಮೇಲೆ ನಾಳೆ ಯಾರೂ ತಪ್ಪು ಹೊರಿಸುವುದಿಲ್ಲವಲ್ಲ. ಆರು ವರ್ಷ ಮೊದಲು ಮಾಳಮಡ್ಡಿಯ ಸುನಂದಾ ಎಂಬ ನರ್ಸ್, ಹಿಮಾಲಯದ ಕಡೆ ಒಂದು ಆಸ್ಪತ್ರೆಗೆ ಕರೆದಿದ್ದಾರೆ, ಲೆನ್ಸ್ ಹಾಕಿಕೊಂಡು ಹೋಗಲೇ ಎಂದು ಕೇಳಿದ್ದಳು. ಅವಳಿಗೂ ಬೇಡ ಅಂದಿದ್ದೆ. ಅವಳು ಹೋಗಲಿಲ್ಲ.

ಆ ನವೆಂಬರಿನಲ್ಲಿ ಬಂದವರು ಮೆಹಬೂಬ್, ಜನರೇಟರ್ ಮೆಕ್ಯಾನಿಕ್, ವಯಸ್ಸು ನಲವತ್ತೊಂದು. ಅವರಿಗೆ ಕೆರಟೋಕೋನಸ್ ಇತ್ತು. ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ತೆಳುವಾಗಿ, ಶಂಕುವಿನಂತೆ ಮುಂದೆ ಚಾಚಿಕೊಳ್ಳುತ್ತದೆ. ಇಂಥವರಿಗೆ ಕನ್ನಡಕ ಅಷ್ಟಕ್ಕಷ್ಟೇ. ಗಟ್ಟಿ ಲೆನ್ಸ್ ಹಾಕಿದರೆ ಮಾತ್ರ ಸರಿಯಾಗಿ ಕಾಣುತ್ತದೆ. ಸಾಲದ್ದಕ್ಕೆ ಬೈಕ್ ಅಪಘಾತದಲ್ಲಿ ಬಲಗಾಲು ಮುರಿದು, ಎಲುಬಿನೊಳಗೆ ಉದ್ದನೆಯ ರಾಡ್ ಕೂತಿತ್ತು. ಅವರ ಕಂಪನಿ ಲಡಾಖಿನಲ್ಲಿ ಜನರೇಟರ್ ನೋಡಿಕೊಳ್ಳಲು ಜನವರಿಯಿಂದ ಎರಡು ತಿಂಗಳಿಗೆ ಆಳು ಹುಡುಕುತ್ತಿತ್ತು. ಒಂದು ಚಳಿಗಾಲ ಅಲ್ಲಿ ಮುಗಿಸಿದವರಿಗೆ ಕಾಯಂ ನೌಕರಿ. ಮೆಹಬೂಬ್ ಹನ್ನೆರಡು ವರ್ಷದಿಂದ ಗುತ್ತಿಗೆಯಲ್ಲೇ ಇದ್ದರು. ಫಿಟ್‌ನೆಸ್ ಫಾರ್ಮಿನಲ್ಲಿ ಕಾಲಿಗೆ ಎಲುಬಿನ ಡಾಕ್ಟರ ಸಹಿ ಆಗಿತ್ತು. ಕಣ್ಣಿನ ಮುಂದಿನ ಜಾಗ ಖಾಲಿ ಇತ್ತು.

ಜೊತೆಯಲ್ಲಿ ಅವರ ಹೆಂಡತಿ ಶಾಹಿದಾ ಬಂದಿದ್ದರು. ಗಂಡ ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

“ಹೋಗಬ್ಯಾಡ ಅಂತ ಹೇಳ್ರಿ ಮೇಡಮ್ಮಾರ. ಓಣ್ಯಾಗ ಎಲ್ಲಾರೂ ಹೇಳಾಕತ್ತಾರ, ಲೆನ್ಸ್ ಕಣ್ಣಿಗೆ ಬರ್ಫ್ ಆಗಿ ಅಂಟ್ತೈತಂತ. ಕಾಲಾಗಿನ ರಾಡ್ ಒಳಗಿಂದ ಹೆಪ್ಪುಗಟ್ತೈತಂತ.”

ಎರಡೂ ಸುಳ್ಳು. ಕಣ್ಣೀರು, ರೆಪ್ಪೆ, ಮೈಯ ಬಿಸಿ ಇರುವಾಗ ಲೆನ್ಸ್ ಕಣ್ಣಿನ ಮೇಲೆ ಹೆಪ್ಪುಗಟ್ಟುವುದಿಲ್ಲ. ರಾಡಿಗೂ ಸುತ್ತಲಿನ ಮಾಂಸದ ಬಿಸಿಯೇ ಇರುತ್ತದೆ. ಕಾಲು ಬೆಚ್ಚಗಿದ್ದರೆ ಸಾಕು, ನೋವು ಬಂದರೂ ಬರಬಹುದು ಎಂದು ಎಲುಬಿನ ಡಾಕ್ಟರು ಹೇಳಿಯೇ ಕಳಿಸಿದ್ದರು. ಇದನ್ನೆಲ್ಲ ವಿವರಿಸಿದ ನಾನೇ ಕೊನೆಗೆ, “ಆದ್ರೂ ಬ್ಯಾಡ್ರಿ” ಎಂದು ಪೆನ್ನಿನ ಮುಚ್ಚಳ ಹಾಕಿದೆ. ಮೆಹಬೂಬ್ ಕುರ್ಚಿಯಿಂದ ಏಳಲಿಲ್ಲ.

“ಇಂಜಿನ್ ರಿಪೇರಿ ಮಾಡಿ ಖಾಲಿ ಓಡಿಸಿ ನಾವು ಪಾಸ್ ಅನ್ನೂದಿಲ್ರಿ, ಫೇಲೂ ಅನ್ನೂದಿಲ್ಲ. ಲೋಡ್ ಕೊಟ್ಟ ನೋಡ್ತೇವಿ. ನನಗೂ ಲೋಡ್ ಕೊಡ್ರಿ. ಆಮ್ಯಾಲೆ ಬ್ಯಾಡ ಅನ್ರಿ, ಸುಮ್ನ ಮನಿಗೆ ಹೊಕ್ಕೇನಿ.”

ಹುಬ್ಬಳ್ಳಿಯಲ್ಲಿ ಎಲ್ಲಿಂದ ಚಳಿ ತರುವುದು ಎಂದೆ. ಅದನ್ನೂ ಅವರು ಯೋಚಿಸಿಯೇ ಬಂದಿದ್ದರು. ಲಕಮನಹಳ್ಳಿಯ ಒಂದು ಐಸ್‌ಕ್ರೀಮ್ ಗೋದಾಮಿನ ಜನರೇಟರ್ ಅವರ ಕೈಯಲ್ಲೇ ಇತ್ತು. ಒಳಗೆ ಮೈನಸ್ ಇಪ್ಪತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋದೆವು. ಗೋದಾಮಿನವರು ಕೊಟ್ಟ ದಪ್ಪ ಕೋಟುಗಳಲ್ಲಿ ಇಬ್ಬರೂ ಹತ್ತಿಯ ಮೂಟೆಗಳ ಹಾಗೆ ಕಾಣುತ್ತಿದ್ದೆವು. ಅವರು ಲೆನ್ಸ್ ಹಾಕಿದ ಕಣ್ಣಿನ ಮೇಲೆ ಗಾಗಲ್ ಹಾಕಿಕೊಂಡು, ಸಣ್ಣ ಕೆಲಸವಿದೆ ಎಂದು ಕೈಗವಸು ತೆಗೆದು, ಹಳೆಯ ಪಂಪೊಂದರ ಬೋಲ್ಟು ಬಿಚ್ಚಿ ಜೋಡಿಸಿದರು. ಹದಿನೈದು ನಿಮಿಷದ ನಂತರ ಗೋಡೆಗೆ ಹಚ್ಚಿದ ಅಕ್ಷರಪಟ ಓದಿಸಿದೆ. ಕೊನೆಯ ಸಾಲಿನವರೆಗೂ ಓದಿದರು. ಕಾಲೂ ಸರಿಯಿತ್ತು. ನನಗೇ ಹುರುಪು ಬಂತು.

“ಈಗ ಕಣ್ಣಾಗ ಕಸ ಬಿದ್ದೈತಿ ಅಂತ ತಿಳ್ಕೋರಿ. ಲೆನ್ಸ್ ತಗೀರಿ,” ಎಂದೆ.

ಆಗಲಿಲ್ಲ. ಮರಗಟ್ಟಿದ ಬೆರಳುಗಳಿಗೆ ರೆಪ್ಪೆ ಯಾವುದು, ಲೆನ್ಸ್ ಯಾವುದು ತಿಳಿಯಲಿಲ್ಲ. ಲೆನ್ಸ್ ಹೀರಿ ಹಿಡಿಯುವ ಪುಟ್ಟ ರಬ್ಬರ್ ಕಡ್ಡಿ ಕೊಟ್ಟೆ. ಕೋಟಿನ ಹೊರಜೇಬಿನಲ್ಲಿದ್ದ ಅದು ಸೆಟೆದುಹೋಗಿತ್ತು, ಹಿಡಿಯಲಿಲ್ಲ. ಅದನ್ನು ಒದ್ದೆ ಮಾಡುವ ದ್ರಾವಣ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತಿತ್ತು. ಕಣ್ಣು ಕೆಂಪಾಯಿತು. ನಾನು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ನಾನು ಹೇಳಿದ್ದೇ ಖರೆ ಆಯಿತಲ್ಲ ಎಂದು.

ಕೈ ಬಿಸಿಯಾಗಿ ಲೆನ್ಸ್ ತೆಗೆದ ಮೇಲೆ ಮೆಹಬೂಬ್ ನಕ್ಕರು. “ಲೋಡಿಗೆ ಬಂದ ಕೂಡ್ಲೆ ತಪ್ಪ ಎಲ್ಲೈತಿ ಗೊತ್ತಾತು ನೋಡ್ರಿ. ಕಣ್ಣಾಗಿಲ್ಲ, ಕಾಲಾಗಿಲ್ಲ. ಬೆರಳಾಗೈತಿ.”

ನಾಚಿಕೆಯಾಯಿತು. ಇಪ್ಪತ್ತೇಳು ವರ್ಷ ನಾನು ಕಣ್ಣನ್ನೇ ನೋಡಿದ್ದೆ, ಬೆರಳನ್ನು ನೋಡಿರಲಿಲ್ಲ.

ಆ ವಾರವೆಲ್ಲ ಪಟ್ಟು ಹಿಡಿದು ಕೂತೆವು. ಲೆನ್ಸ್ ಹಾಕುವುದು, ತೆಗೆಯುವುದು ಬಿಸಿ ಕೋಣೆಯಲ್ಲಿ, ಸೋಪಿನಿಂದ ಕೈ ತೊಳೆದ ಮೇಲೆಯೇ. ಹೊರಗೆ ತೊಂದರೆಯಾದರೆ ಮೊದಲು ಕೈ ಬಗಲಲ್ಲಿ, ಆಮೇಲೆ ಕಣ್ಣಿಗೆ. ಚಳಿಗೆ ಲೋಹದ ಫ್ರೇಮ್ ಚರ್ಮ ಕೊರೆಯುತ್ತದೆಂದು, ಲೆನ್ಸ್ ತೆಗೆದ ಮೇಲೆ ಕೋಣೆಯವರೆಗೆ ದಾರಿ ಕಾಣುವಷ್ಟಕ್ಕೆ ಪ್ಲಾಸ್ಟಿಕ್ ಫ್ರೇಮಿನ ಒಂದು ಕನ್ನಡಕ ಮಾಡಿಕೊಟ್ಟೆ. ದ್ರಾವಣ, ರಬ್ಬರ್ ಕಡ್ಡಿ, ಲೆನ್ಸಿನ ಡಬ್ಬಿ ಮೈಗೆ ತಾಗಿಕೊಂಡೇ ಇರಬೇಕು ಎಂದು ಇಬ್ಬರಿಗೂ ಹೇಳಿದೆ. ಎರಡು ದಿನ ಬಿಟ್ಟು ಶಾಹಿದಾ ನಾಲ್ಕು ಬನಿಯನ್ ತಂದು ನನ್ನ ಟೇಬಲ್ ಮೇಲೆ ಇಟ್ಟರು. ನಾಲ್ಕಕ್ಕೂ ಎದೆಯ ಒಳಗಡೆ ಜೇಬು ಹೊಲಿದಿದ್ದರು.

ಎರಡನೇ ಸಲ ಗೋದಾಮಿನಲ್ಲಿ ಮೆಹಬೂಬ್ ಕೈ ಬಗಲಲ್ಲಿ ಬೆಚ್ಚಗೆ ಮಾಡಿಕೊಂಡು, ಎರಡೂ ಲೆನ್ಸ್ ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಫಾರ್ಮಿಗೆ ಅಲ್ಲೇ, ಗೋದಾಮಿನ ಬಾಗಿಲಲ್ಲಿ ಸಹಿ ಮಾಡಿದೆ. ಚಳಿಗೆ ಪೆನ್ನು ಮೂಡದೆ ಮೂರು ಸಲ ಗೀಚಬೇಕಾಯಿತು.

ಮಾರ್ಚಿನಲ್ಲಿ ಅವರು ಮರಳಿ ಬಂದರು, ಮುಖ ಕಪ್ಪಿಟ್ಟಿತ್ತು, ಕಣ್ಣು ಚೊಕ್ಕವಾಗಿತ್ತು. ರಾತ್ರಿ ಕಾಲು ಸ್ವಲ್ಪ ನೋಯುತ್ತಿತ್ತಂತೆ. ಕಣ್ಣಿಗೆ ಎರಡು ಸಲ ಕಸ ಬಿದ್ದಿತ್ತಂತೆ, ಎರಡು ಸಲವೂ ಬನಿಯನ್ ಜೇಬು ಕೈಬಿಡಲಿಲ್ಲವಂತೆ. ಕಾಯಂ ಆದ ಪತ್ರವನ್ನು ಶಾಹಿದಾ ತಾವೇ ಬಿಚ್ಚಿ ತೋರಿಸಿದರು.

ಅಂದಿನಿಂದ ಕ್ಲಿನಿಕ್ಕಿನಲ್ಲಿ ಒಂದು ಬೋಗುಣಿ ಇಟ್ಟಿದ್ದೇನೆ. ಲೆನ್ಸ್ ಹಾಕುವವರು ಚಳಿ ನಾಡಿಗೆ ಹೊರಟರೆ, ಐಸ್ ನೀರಿನಲ್ಲಿ ಕೈ ಅದ್ದಿ, ಬೆರಳು ಜೋಮು ಹಿಡಿದ ಮೇಲೆ ಒರೆಸಿ, ಬಗಲಲ್ಲಿ ಬೆಚ್ಚಗೆ ಮಾಡಿಕೊಂಡು ಲೆನ್ಸ್ ತೆಗೆದು ತೋರಿಸಬೇಕು. ಪರೀಕ್ಷೆ ಮಾಡದೆ ಹೂಂ ಅನ್ನುವುದು ತಪ್ಪು ಎಂದು ನಮಗೆ ಎಲ್ಲರೂ ಕಲಿಸುತ್ತಾರೆ. ಪರೀಕ್ಷೆ ಮಾಡದೆ ಬೇಡ ಅನ್ನುವುದೂ ಅಷ್ಟೇ ತಪ್ಪು ಎಂದು ಕಲಿಸಿದ್ದು ಒಬ್ಬ ಮೆಕ್ಯಾನಿಕ್.

ಏಪ್ರಿಲ್‌ನಲ್ಲಿ ಸುನಂದಾ ಎಂದಿನಂತೆ ವರ್ಷದ ತಪಾಸಣೆಗೆ ಬಂದಳು. ಹೇಳದೆ ಇರಲಾಗಲಿಲ್ಲ.

“ಅವತ್ತ ನಿನಗ ಬ್ಯಾಡ ಅಂದದ್ದು ನನ್ನ ತಪ್ಪವಾ. ಒಂದು ಬೋಗುಣಿ ಐಸ್ ಸೈತ ತರಿಸಿ ನೋಡಲಿಲ್ಲ ನಾನು.”

ಅವಳು ಬಳೆ ಮೇಲೆ ಸರಿಸಿ, ಎರಡೂ ಕೈ ಟೇಬಲ್ ಮೇಲೆ ಇಟ್ಟಳು.

“ಈಗರ ತರಿಸ್ರಿ, ಮೇಡಮ್ಮಾರ.”