ಅಪ್ಪ ಬರೆದ ನೇರಳೆ ಆಕಾಶ

ಟೋಕಿಯೋದ ಫುನಾಬೊರಿಯ ಚಂದ್ರಪ್ರಭಾ ಎಲ್ಲವನ್ನೂ ಸರಿಮಾಡುವ ಹೆಂಗಸು. ಗಂಡನ ಕಾಲರ್, ಮಗಳ ಕನ್ನಡ, ನೆರೆಮನೆಯ ಬಾಗಿಲಲ್ಲಿ ಸೊಟ್ಟಗೆ ಬಿಟ್ಟ ಚಪ್ಪಲಿ, ಯಾವುದೂ ಅವಳ ಕೈಯಿಂದ ತಪ್ಪಿಸಿಕೊಂಡಿಲ್ಲ. ಈ ಸಲ ಅವಳು ಸರಿಮಾಡಲು ಹೊರಟಿದ್ದು ಅಪ್ಪನ ಆಕಾಶವನ್ನು.

ಅಪ್ಪ ಲಿಂಗರಾಜು ತಿಪಟೂರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದವರು. ತಮಗಾಗಿ ಬರೆದುಕೊಂಡದ್ದು ಒಂದೇ ಚಿತ್ರ: ಊರ ಕೆರೆ, ಮೇಲೆ ನೇರಳೆ ಆಕಾಶ, ಮೂಲೆಯಲ್ಲಿ ಸಹಿ, ೧೯೯೧. ಆಕಾಶ ಎಲ್ಲಾದರೂ ಬದನೆಕಾಯಿ ಬಣ್ಣ ಇರುತ್ತದೆಯೇ ಎಂದು ಮನೆಮಂದಿ ಬಿದ್ದು ಬಿದ್ದು ನಕ್ಕಿದ್ದರು. ಅಪ್ಪನಿಗೆ ಬಣ್ಣ ಕಾಣುವುದಿಲ್ಲ ಎನ್ನುವುದು ಮನೆಯ ಕಾಯಂ ತಮಾಷೆಯಾಯಿತು. ಅವರು ಮತ್ತೆ ಚಿತ್ರ ಬರೆಯಲಿಲ್ಲ. ಕಸಕ್ಕೆ ಹಾಕಲಿದ್ದ ಅದನ್ನು ಚಂದ್ರಪ್ರಭಾ ಜಪಾನಿಗೆ ಹೊತ್ತು ತಂದಿದ್ದಳು.

ಬಡಾವಣೆಯ ಚಿತ್ರಕಲಾ ತರಗತಿಯವರು ಪ್ರದರ್ಶನಕ್ಕೆ ಮನೆಯ ಹಳೆಯ ಚಿತ್ರಗಳನ್ನು ಕೇಳಿದರು. ಅಪ್ಪನ ಮಾನ ಉಳಿಸಬೇಕೆಂದು ಅವಳು ಅದನ್ನು ತರಗತಿಗೆ ಒಯ್ದು, ಅಲ್ಲೇ ಕುಳಿತು ನೀಲಿ ಕಲಸಿದಳು. ಕಲಿಸುವ ಸೆನ್ಸೇ ಮೋರಿ-ಸಾನ್ ಚಿತ್ರ ನೋಡಿ, ತಲೆ ವಾಲಿಸಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದರು. ಇಲ್ಲಿನವರು ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಹೀಗೇ ಉಸಿರೆಳೆಯುತ್ತಾರೆ ಎಂಬುದು ಅವಳ ತಿಳುವಳಿಕೆ. ನಾಚಿ, ಸುಮಿಮಾಸೆನ್, ಕ್ಷಮಿಸಿ, ಎಂದು ನೇರಳೆಯ ಮೇಲೆ ನೀಲಿ ಬ್ರಷ್ ಎಳೆದೇಬಿಟ್ಟಳು. ಅವರು ಗಾಬರಿಯಿಂದ ಚಿತ್ರಕ್ಕೆ ಅಂಗೈ ಅಡ್ಡ ಹಿಡಿದು ಜಪಾನಿಯಲ್ಲಿ ಏನೇನೋ ಹೇಳಿದರು.

ಅದನ್ನು ಕನ್ನಡದಲ್ಲಿ ತಿಳಿಸಿದವಳು ಜೊತೆಗೆ ಬಂದಿದ್ದ ಮಗಳು ಇಂದು. "ಅಮ್ಮಾ, ವೆಯ್ಟ್. ಸೆನ್ಸೇ ರಾಂಗ್ ಅಂತಿಲ್ಲ. ಆ ಇಯರ್ ಫಿಲಿಪೀನ್ಸಲ್ಲಿ ವಾಲ್ಕೆನೊ ಸಿಡೀತಂತೆ. ಅದರಿಂದ ತುಂಬಾ ದೇಶಗಳಲ್ಲಿ ಸನ್‌ಸೆಟ್ ಪರ್ಪಲ್ ಆಯ್ತಂತೆ."

ಮೋರಿ-ಸಾನ್ ತಾವು ಆ ಚಳಿಗಾಲದಲ್ಲಿ ಬರೆದ ನದಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದರು. ಅದೇ ಬದನೆಕಾಯಿ. ಆದರೆ ತಿಪಟೂರಿನ ಆ ಸಂಜೆಯ ಬಗ್ಗೆ ಖಚಿತವಾಗಿ ಹೇಳಲಾರೆ ಎಂದೂ ಸೇರಿಸಿದರು.

ಚಂದ್ರಪ್ರಭಾಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಕಂಡದ್ದನ್ನೇ ಬರೆದರೋ? ಹಾಗಾದರೆ ಅದೇ ಕೆರೆ ಏರಿಯ ಮೇಲೆ ಓಡಾಡಿದ ಮನೆಮಂದಿಯೆಲ್ಲ ಏನು ನೋಡುತ್ತಿದ್ದರು? ಅಥವಾ ಅಪ್ಪ ತಪ್ಪು ಕಲಸಿದ್ದಕ್ಕೆ ಯಾವುದೋ ಬೆಟ್ಟ ಬಂದು ಸಾಕ್ಷಿ ನಿಂತಿತೋ?

ಹೊರಗೆ ಹೋಗಿ ತಿಪಟೂರಿಗೆ ಫೋನ್ ಮಾಡಿದಳು. "ಅಪ್ಪಾ, ಆವತ್ತು ಆಕಾಶ ನಿಜವಾಗ್ಲೂ ಹಾಗೇ ಇತ್ತಾ?"

"ನಂಗೇನು ಗೊತ್ತಮ್ಮ. ನೋಡೇ ಬರ್ದೆ ಅಂದ್ಕೊಂಡಿದ್ದೆ. ನೀವೆಲ್ಲ ಅಲ್ಲ ಅಂದ್ರಿ. ಆಮೇಲಿಂದ ಯಾವ ಬಣ್ಣ ಆದ್ರೂ ಪಕ್ಕದವ್ರನ್ನ ಕೇಳ್ಕೋತೀನಿ."

ಚಂದ್ರಪ್ರಭಾ ಫೋನ್ ಇಟ್ಟಳು. ಒಳಗೆ ಬಂದು ಒದ್ದೆ ಬಟ್ಟೆಯಿಂದ ಇನ್ನೂ ಒಣಗದ ನೀಲಿಯನ್ನು ಮೆಲ್ಲಗೆ ಒರೆಸಿದಳು. ಕೆಳಗಿನಿಂದ ಆಕಾಶ ಎದ್ದು ಬಂತು. ಅವಳು ಅದನ್ನೇ ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಇಂದುವನ್ನು, ಇದು ಯಾವ ಬಣ್ಣವೆಂದು ಕೇಳಿದಳು.