ವಾಚ್ ಶೋಕೇಸಿನಲ್ಲಿ ಎರಡು ಹಲ್ಲಿ

ಹೋದ ತಿಂಗಳು ಒಂದು ಬೆಳಗ್ಗೆ ನನ್ನ ತಂಗಿ ಶಾಂತಾ ಬಂಗಾರಪೇಟೆಯ ನನ್ನ ವಾಚ್ ರಿಪೇರಿ ಅಂಗಡಿಗೆ ಬಂದು ಕೌಂಟರಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟಳು. ತಂಗಿ ತಿಂಡಿ ತಂದಿದ್ದಾಳೆ ಅಂದುಕೊಂಡು ಮುಚ್ಚಳಕ್ಕೆ ಕೈ ಹಾಕಿದೆ.

"ಮೆತ್ತಗೆ ತೆಗಿಯಣ್ಣ. ಜೀವ ಅವೆ ಒಳಗೆ" ಅಂದಳು.

ಒಳಗಿದ್ದದ್ದು ಎರಡು ಹಲ್ಲಿ. (ಅಪರೂಪದ ಜಾತಿ ಏನಲ್ಲ. ನಿಮ್ಮ ಮನೆಯ ಟ್ಯೂಬ್‌ಲೈಟಿನ ಹಿಂದೆ ಇದೆಯಲ್ಲ, ಅದೇ.)

ಶಾಂತಾ ಆಂಡರ್ಸನ್‌ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಪಕ್ಕದ ಹಳೇ ಮನೆಯ ಹೆಂಚು ಇಳಿಸುವಾಗ ಕೆಲಸದವರು ಬಿದ್ದ ಹಲ್ಲಿಗಳನ್ನೆಲ್ಲ ಪೊರಕೆಯಿಂದ ಬಡಿಯುತ್ತಿದ್ದರಂತೆ. ಇವಳು ಹೊಲಿಗೆ ಬಿಟ್ಟು ಓಡಿಹೋಗಿ ಎರಡನ್ನು ಉಳಿಸಿಕೊಂಡಳು. ಒಂದಕ್ಕೆ ಬಾಲ ಹೋಗಿತ್ತು. ಇನ್ನೊಂದರ ಮುಖಕ್ಕೆ ಸುಣ್ಣ ಮೆತ್ತಿತ್ತು, ಅದನ್ನು ಒದ್ದೆ ಹತ್ತಿಯಲ್ಲಿ ಒರೆಸಿದ್ದಳು. ಅಷ್ಟರಲ್ಲಿ ಅವಳ ಅತ್ತೆಗೆ ಕಾಲಿನ ಆಪರೇಷನ್ ಅಂತ ಗೊತ್ತಾಯಿತು. ಹತ್ತು ದಿನ ಆಸ್ಪತ್ರೆಯಲ್ಲಿ ಜೊತೆಗಿರಬೇಕು.

"ನಿನ್ನ ಬಿಟ್ಟು ಇನ್ಯಾರ ಕೈಗೆ ಕೊಡ್ಲಿ? ಚಿಕ್ಕಂದಿನಲ್ಲೇ ನೋಡ್ಕೊಂಡೋನು ನೀನು" ಅಂದಳು.

ನನ್ನ ಕೈಯಲ್ಲಿದ್ದ ಚಿಮುಟ ಕೆಳಗೆ ಬಿತ್ತು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ಮನೆಗೆ ಒಯ್ಯುವಂತಿರಲಿಲ್ಲ. ಅವು ಬಂದರೆ ನೀವೂ ಅವುಗಳ ಜೊತೆ ಅಂಗಡಿಯಲ್ಲೇ ಇರಿ ಅಂತ ಹೆಂಡತಿ ಹೇಳಿ ಕಳಿಸಿದಳು. ಹಾಗಾಗಿ ಕೌಂಟರಿನ ಮೇಲಿದ್ದ ಗಾಜಿನ ಶೋಕೇಸನ್ನು ಖಾಲಿ ಮಾಡಿದೆ. (ಬ್ಯಾಟರಿ ವಾಚು ಬಂದ ಮೇಲೆ ಅದರಲ್ಲಿ ಇಡುವಂಥದ್ದು ಹೆಚ್ಚೇನೂ ಇರಲಿಲ್ಲ ಬಿಡಿ.) ಒಂದು ತುಂಡು ರಟ್ಟು, ಒಂದು ಚೂರು ಹುಣಸೆ ಮರದ ತೊಗಟೆ, ಮೇಲೆ ಸೊಳ್ಳೆ ಪರದೆಯ ಬಟ್ಟೆ. ಮನೆ ರೆಡಿ.

ಮೊದಲ ದಿನ ಅನ್ನ ಇಟ್ಟೆ. ಮುಟ್ಟಲಿಲ್ಲ. ಬಾಳೆಹಣ್ಣು ಇಟ್ಟೆ. ತಿರುಗಿಯೂ ನೋಡಲಿಲ್ಲ. ಬಾಟಲಿ ಮುಚ್ಚಳದಲ್ಲಿ ನೀರಿಟ್ಟರೆ ಅದರಲ್ಲಿ ಕಾಲಿಟ್ಟು ಆಚೆ ಹೋದವು. ಈ ಕಾಲಂ ಓದುವವರಿಗೆ ಗೊತ್ತು, ನನ್ನ ಓದು ಏಳನೇ ಕ್ಲಾಸಿಗೆ ನಿಂತಿತು. ಹಲ್ಲಿ ಸಾಕುವುದು ಹೇಗೆ ಅಂತ ಏಳನೇ ಕ್ಲಾಸಿನ ಆಚೆ ಎಲ್ಲಾದರೂ ಹೇಳಿಕೊಡುತ್ತಾರೋ ಏನೋ.

ಎರಡನೇ ದಿನ ಗಾಜಿನ ಮೇಲೆ ನೀರು ಚಿಮುಕಿಸಿದೆ. ಬಾಲವಿಲ್ಲದ್ದು ಮೆಲ್ಲಗೆ ಬಂದು ಗುಲಾಬಿ ನಾಲಿಗೆ ಚಾಚಿ ಒಂದೊಂದೇ ಹನಿಯನ್ನು ನೆಕ್ಕಿತು. ಆಮೇಲೆ ಸಾಯಂಕಾಲ ಬಲ್ಬಿನ ಕೆಳಗೆ ಬಿದ್ದ ಒಂದು ಹುಳ ತಂದು ಬಿಟ್ಟೆ. ಹುಳ ಸುಮ್ಮನಿರುವ ತನಕ ಇದೂ ಸುಮ್ಮನಿತ್ತು. ಹುಳ ರೆಕ್ಕೆ ಆಡಿಸಿದ್ದೇ ತಡ, ಹುಳ ಇರಲಿಲ್ಲ. ನಡುವೆ ಏನು ನಡೆಯಿತು? ಸೆಕೆಂಡ್ ಮುಳ್ಳು ನೋಡಿಕೊಂಡೇ ಬದುಕುವವನು ನಾನು, ನನಗೂ ಕಾಣಲಿಲ್ಲ.

ವಾಚು ಬಿಚ್ಚುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸು ಇದೆಯಲ್ಲ, ಅದನ್ನು ಹಾಕಿಕೊಂಡು ಶೋಕೇಸಿಗೆ ಮುಖ ಒಡ್ಡಿದೆ. ಅಲ್ಲಿಂದ ಮುಂದೆ ನನ್ನ ಕೆಲಸ ಕೆಟ್ಟಿತು.

ಆ ಕಾಲನ್ನು ನೀವು ನೋಡಬೇಕು. ಬೆರಳಿನ ಅಡಿಯಲ್ಲಿ ಒತ್ತೊತ್ತಾಗಿ ಮಡಿಕೆ. ಅಂಟಿಲ್ಲ, ಉಗುರಿನ ಬಲವಿಲ್ಲ, ನುಣ್ಣನೆಯ ಗಾಜಿನ ಮೇಲೆ ತಲೆಕೆಳಗಾಗಿ ನಿಂತಿದೆ. ಹೆಜ್ಜೆ ಎತ್ತುವಾಗ ಬೆರಳು ತುದಿಯಿಂದ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಕಣ್ಣಿಗೆ ರೆಪ್ಪೆಯೇ ಇಲ್ಲ. ಧೂಳು ಕೂತರೆ ಅದೇ ನಾಲಿಗೆಯಿಂದ ತನ್ನ ಕಣ್ಣನ್ನು ತಾನೇ ಒರೆಸಿಕೊಳ್ಳುತ್ತದೆ. ಒಂದು ದಿನ ಬಾಲವಿಲ್ಲದ್ದರ ಮೈಯೆಲ್ಲ ಬೆಳ್ಳಗಾಯಿತು. ಹೋಯಿತು, ಸತ್ತಿತು ಅಂದುಕೊಂಡೆ. ನೋಡಿದರೆ ಪೊರೆ ಬಿಡುತ್ತಿದೆ. ಕಾಲಿನ ಚರ್ಮವನ್ನು ಕೈಗವಸಿನ ಹಾಗೆ ಬಾಯಲ್ಲಿ ಎಳೆದು ತೆಗೆದು, ತಿಂದೇಬಿಟ್ಟಿತು. ತೊಟ್ಟಿದ್ದ ಅಂಗಿಯನ್ನು ತಿಂದು ಹೊಸ ಅಂಗಿಯಲ್ಲಿ ಕೂತ ಜೀವ. ನಲವತ್ತು ವರ್ಷ ಇವುಗಳ ಕೆಳಗೇ ಮಲಗಿ ಎದ್ದಿದ್ದೇನೆ. ಏನು ನೋಡಿದ್ದೆ ನಾನು?

ಗಿರಾಕಿಗಳು ಮೊದಮೊದಲು ಹೌಹಾರಿದರು. ಹಾಲಿನ ಡೈರಿಗೆ ಬರುವ ಮುನಿಯಪ್ಪಣ್ಣ ತಮ್ಮ ಕೀ ಕೊಡುವ ವಾಚು ಶುಕ್ರವಾರಕ್ಕೆ ಆಗುತ್ತದಾ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶೋಕೇಸಿನೊಳಗೆ 'ಲೊಚ್ ಲೊಚ್' ಅಂತು. ನಮ್ಮ ಕಡೆ ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ಸತ್ಯ ಅಂತ ಲೆಕ್ಕ ತಾನೆ. ಅವರು ಕೌಂಟರಿಗೆ ಬೆರಳಿನಿಂದ ಮೂರು ಸಲ ತಟ್ಟಿ, "ಕೃಷ್ಣ ಕೃಷ್ಣ. ಆಯ್ತು ಬುಡು, ಅದೇ ಯೋಳ್ತು" ಅಂತ ಹೊರಟೇಬಿಟ್ಟರು. ಶುಕ್ರವಾರ ಕೊಡಲೇಬೇಕಾಯಿತು.

ಏಳನೇ ದಿನ, ಸುಣ್ಣ ಮೆತ್ತಿಕೊಂಡಿದ್ದ ಹಲ್ಲಿ ಗಾಜಿಗೆ ಹೊಟ್ಟೆ ಒತ್ತಿ ಕೂತಿತ್ತು. ಬೆಳಗಿನ ಬಿಸಿಲು ಹಿಂದಿನಿಂದ ಬೀಳುತ್ತಿತ್ತು. ಲೆನ್ಸಿನಲ್ಲಿ ನೋಡಿದೆ. ತೆಳ್ಳನೆಯ ಚರ್ಮದೊಳಗೆ, ಅಕ್ಕಪಕ್ಕ, ಎರಡು ದುಂಡನೆಯ ಬಿಳಿ ಗುಳಿಗೆ. ಎರಡು ದಿನ ಬಿಟ್ಟು ನೋಡಿದರೆ ಅವು ಹೊಟ್ಟೆಯಲ್ಲಿರಲಿಲ್ಲ, ರಟ್ಟಿನ ಮೂಲೆಯಲ್ಲಿದ್ದವು. ಮೊಟ್ಟೆ.

ನಾನು ಲೆನ್ಸು ತೆಗೆದು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಆ ಬಿಳಿ ಗುಳಿಗೆಗಳನ್ನು ನಾನು ಮೊದಲೂ ಒಂದು ಸಲ ನೋಡಿದ್ದೆ.

ಊರಿಗಾಂನ ಲೈನ್ ಮನೆಯಲ್ಲಿ ನಾವು ಬೆಳೆದದ್ದು. ಅಪ್ಪನಿಗೆ ಚಿನ್ನದ ಗಣಿಯೊಳಗೆ ಕೆಲಸ. ನನಗೆ ಹದಿನಾಲ್ಕು, ಶಾಂತಾಗೆ ಒಂಬತ್ತು. ದೀಪಾವಳಿಗೆ ಸುಣ್ಣ ಹೊಡೆಯುವಾಗ ಕ್ಯಾಲೆಂಡರಿನ ಹಿಂದಿನಿಂದ ಎರಡು ಹಲ್ಲಿ ಬಿದ್ದವು. ಅವಳು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಇಟ್ಟು ಸಾಕಿದಳು. ಒಂದರ ಹೊಟ್ಟೆ ದಪ್ಪ. ಬಿಳಿ ಗಂಟು ಏನಣ್ಣ ಅಂತ ಕೇಳಿದಾಗ, ಸುಣ್ಣ ನುಂಗಿದೆ ಅಂತ ಹೇಳಿದೆ. ದೊಡ್ಡವನಲ್ಲವೇ, ಎಲ್ಲ ಗೊತ್ತಿರಬೇಕಲ್ಲ.

ಅವಳು ಅಮ್ಮನ ಜೊತೆ ಅಜ್ಜಿಯ ಊರಿಗೆ ಹೋದಳು. ಮೂರು ದಿನ. ಬೆಳಗ್ಗೆ ಸಾಯಂಕಾಲ ನೀರು ಚಿಮುಕಿಸು ಅಂತ ನನಗೆ ಹೇಳಿ ಹೋಗಿದ್ದಳು, ಅಷ್ಟೇ ಕೆಲಸ. ಮಾರನೇ ದಿನವೇ ಗೆಳೆಯರು ಕೆರೆಗೆ ಕರೆದರು. ಮೀನು ಹಾಕಿಕೊಳ್ಳಲು ನನಗೆ ಆ ಗಾಜಿನ ಜಾಡಿ ಬೇಕಿತ್ತು. ಹಿತ್ತಲಲ್ಲಿ ಅಪ್ಪ ದೀಪಕ್ಕೆಂದು ತಂದಿಟ್ಟ ಕಾರ್ಬೈಡ್ ಡಬ್ಬಿ ಮುಗಿಯುತ್ತಾ ಬಂದಿತ್ತು. ಡಬ್ಬಿ ಬಗ್ಗಿಸಿ ಉಳಿದ ಚೂರನ್ನು ಆಚೆ ಸುರಿದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದೆ. ಹಲ್ಲಿಗಳನ್ನು ಅದಕ್ಕೆ ಬಿಟ್ಟೆ. ಹೇಳಿದ ಕೆಲಸ ಮರೆಯಬಾರದು ಅಂತ ನಾಲ್ಕು ಹನಿ ನೀರು ಚಿಮುಕಿಸಿ, ಮುಚ್ಚಳ ಒತ್ತಿ ಓಡಿದೆ.

ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗಣಿಯವರ ಮಕ್ಕಳು ನಾವು. ಕಾರ್ಬೈಡಿಗೆ ನೀರು ಬಿದ್ದರೆ ಗ್ಯಾಸು ಏಳುತ್ತದೆ ಅಂತ ನಮಗೆ ಮಗ್ಗಿಗಿಂತ ಮೊದಲು ಗೊತ್ತು. ಅದೇ ದೀಪಾವಳಿಗೆ ಡಬ್ಬಿಯಲ್ಲಿ ಕಾರ್ಬೈಡ್ ಹಾಕಿ, ಎಂಜಲು ಉಗಿದು, ಕಡ್ಡಿ ಗೀರಿ ಢಂ ಅನ್ನಿಸಿದವನು ನಾನು. ಡಬ್ಬಿಯ ತಳದ ಅಂಚಿನಲ್ಲಿ ಪುಡಿ ಉಳಿದಿರುತ್ತದೆ ಅಂತ ತಲೆಗೆ ಹೊಳೆಯಲಿಲ್ಲ. ತಲೆಯ ತುಂಬ ಕೆರೆ ಇತ್ತು.

ಸಾಯಂಕಾಲ ಮುಚ್ಚಳ ತೆಗೆದೆ. ಬೆಳ್ಳುಳ್ಳಿ ಕೊಳೆತ ಹಾಗೆ ವಾಸನೆ. ಎರಡೂ ಅಂಗಾತ ಬಿದ್ದಿದ್ದವು.

ಶಾಂತಾ ಬಂದ ದಿನ, ಮುಚ್ಚಳ ಸಡಿಲ ಆಗಿತ್ತು, ಎರಡೂ ಓಡಿಹೋದವು ಅಂದೆ. ಅಷ್ಟು ಹೇಳಿ ಬಾಯಿ ಮುಚ್ಚಿದ್ದೇ, ತೊಲೆಯ ಮೇಲೆ ಯಾವುದೋ ಹಲ್ಲಿ 'ಲೊಚ್ ಲೊಚ್' ಅಂತು. ಅಮ್ಮ ನೆಲ ತಟ್ಟಿ ಕೃಷ್ಣ ಕೃಷ್ಣ ಅಂದರು. ಶಾಂತಾಳೂ ಪುಟ್ಟ ಬೆರಳಿನಿಂದ ನೆಲ ತಟ್ಟಿದಳು. ಅವಳ ಅಳು ಅಲ್ಲಿಗೆ ನಿಂತಿತು. ನನ್ನ ಸುಳ್ಳಿಗೆ ಸಾಕ್ಷಿ ಹೇಳಿದ್ದೂ ಹಲ್ಲಿಯೇ.

ಇಷ್ಟು ವರ್ಷ, ಸತ್ತದ್ದು ಎರಡು ಅಂದುಕೊಂಡಿದ್ದೆ. ಅವತ್ತು ಅಂಗಡಿಯ ಮೆಟ್ಟಿಲ ಮೇಲೆ ಕೂತಾಗ ಗೊತ್ತಾಯಿತು, ನಾಲ್ಕು.

ಹನ್ನೊಂದನೇ ದಿನ ಶಾಂತಾ ಬಂದಳು. ಅತ್ತೆ ಚೆನ್ನಾಗಿದ್ದಾರೆ ಅಂದಳು. ಶೋಕೇಸಿನೊಳಗೆ ಬಗ್ಗಿ ಮೊಟ್ಟೆ ನೋಡಿ, ಒಂಬತ್ತು ವರ್ಷದವಳ ಹಾಗೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನೀನು ನಿಜಕ್ಕೂ ಕೈಗುಣದವನು ಅಂತ ಹೊಗಳಲು ಶುರು ಮಾಡಿದಳು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಆವತ್ತು ಅವು ಓಡೋಗ್ಲಿಲ್ಲ ಕಣಮ್ಮ" ಅಂದೆ. ಡಬ್ಬಿ, ನೀರು, ಕೆರೆ, ಎಲ್ಲ ಹೇಳಿದೆ. ಅವಳು ಸ್ಟೂಲಿನ ಮೇಲೆ ಕೂತು ಕೇಳಿದಳು. ಗೋಡೆಯ ಗಡಿಯಾರಗಳು ಒಂದೊಂದೂ ಒಂದೊಂದು ಟೈಮು ತೋರಿಸುತ್ತಾ ಟಿಕ್ ಅನ್ನುತ್ತಿದ್ದವು.

"ಎರಡೂನಾ?"

"ಎರಡೂ."

"ದಪ್ಪಂದೂ?"

ತಲೆ ಆಡಿಸಿದೆ.

ನನ್ನ ಕಡೆ ನೋಡದೆ ಅಂದಳು: "ಅದು ಬಸುರಿ ಅಂತ ನಂಗೆ ದೊಡ್ಡೋಳಾದ ಮೇಲೆ ಗೊತ್ತಾಯ್ತು. ಎಲ್ಲೋ ಗೋಡೆ ಸಂದೀಲಿ ಮೊಟ್ಟೆ ಇಟ್ಟಿರ್ತದೆ ಅಂದ್ಕೊಂಡೆ. ಎಲ್ಲಿ ಮರಿ ಕಂಡ್ರೂ ಅದ್ರದ್ದೇ ಮರಿ, ಮರಿಯ ಮರಿ ಅಂತಲೇ ಎತ್ಕೊಂಡೋಗಿ ಬಿಡ್ತಿದ್ದೆ ಕಣಣ್ಣ. ಇಷ್ಟು ವರ್ಷ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಲ್ಲಿಗಳನ್ನು ಒಂದೊಂದಾಗಿ ಅಂಗೈಯಲ್ಲಿ ಮುಚ್ಚಿ ಡಬ್ಬಿಗೆ ಬಿಟ್ಟಳು. ಮೊಟ್ಟೆಯನ್ನು ಮಗುಚಬಾರದಂತೆ, ರಟ್ಟಿನ ಸಮೇತ ಎತ್ತಿ ಅದರೊಳಗೇ ಇಟ್ಟಳು. ರೈಲಿಗೆ ಹೊತ್ತಾಯಿತು ಅಂತ ಎದ್ದಳು. ಸ್ಟೇಷನ್ ತನಕ ಬರುತ್ತೇನೆ ಅಂದೆ. ಬೇಡ ಅಂದಳು.

ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಹೋಗುವುದನ್ನೇ ನೋಡಿದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು, ಒಂದು ಸಲವೂ ಅಲುಗದ ಹಾಗೆ ನಡೆಯುತ್ತಿದ್ದಳು.

ನನ್ನ ಎದೆ ಹಗುರವಾಗಿದೆ, ನಿಜ. ಆದರೆ ಇಷ್ಟು ತಡವಾಗಿ ಹೇಳಿದ ಸತ್ಯ ಯಾರ ಉಪಕಾರಕ್ಕೆ, ಕೇಳಿದವಳಿಗೋ, ಹೇಳಿದವನಿಗೋ?